ಉಡಾ, ಅಬಿಶ್, ಉಜಿಜಾ: ಆಫ್ರಿಕಾದ ಅಡುಗೆ ಮಸಾಲೆಗಳು ಹಾರ್ಮೋನಿನಂತೆ ಕೆಲಸ ಮಾಡುತ್ತವೆ ಎಂಬುದು ಎಷ್ಟು ನಿಜ?

ಕಾಳುಕಡಿ:
ನೈಜೀರಿಯಾದ ಪೆಪ್ಪರ್ ಸೂಪ್, ಇಥಿಯೋಪಿಯಾದ ಬರ್ಬೆರೆ ಎಂಬ ಖಾರದ ಪುಡಿ, ಮೊರಾಕೊದ ರ್ಫಿಸ್ಸಾ ಎಂಬ ಬಾಣಂತಿಯ ಊಟ ಇವುಗಳ ಬಗ್ಗೆ ಬರುವ ವಿಡಿಯೊಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ. ಈ ಮಸಾಲೆ ಈಸ್ಟ್ರೊಜೆನ್ ಏರಿಸುತ್ತದೆ, ಆ ಮಸಾಲೆ ಟೆಸ್ಟೊಸ್ಟೆರಾನ್ ಹೆಚ್ಚಿಸುತ್ತದೆ, ಇನ್ನೊಂದು ಬಾಣಂತಿಗೆ ಹಾಲು ತರಿಸುತ್ತದೆ. ಅಡುಗೆಗೆ ಬೀಳುವ ಪ್ರಮಾಣದಲ್ಲಿ ಇದರಲ್ಲಿ ಯಾವುದು ನಿಜವಾಗಿ ನಡೆಯುತ್ತದೆ? ಗ್ರಾಂ ಲೆಕ್ಕ, ಕಾರಣ, ಎಚ್ಚರಿಕೆ ಸಮೇತ ಬರೆಯಿರಿ. "ನಮ್ಮ ಮನೆಯಲ್ಲಿ ಹೀಗಾಯಿತು" ಎಂಬ ಅನುಭವಗಳು ಈ ಎಳೆಯಲ್ಲಿ ಬೇಡ.

ರಿಸೆಪ್ಟರ್:
ಮೊದಲು ಒಂದು ವಿಂಗಡಣೆ ಬೇಕು, ಇಲ್ಲದಿದ್ದರೆ ಎಲ್ಲವೂ ಕಲಸಿಹೋಗುತ್ತದೆ. ಸಸ್ಯದ ಅಂಶವೊಂದು ಹಾರ್ಮೋನಿನ ಕೆಲಸದಲ್ಲಿ ಕೈಹಾಕುವ ದಾರಿಗಳು ಬೇರೆಬೇರೆ. ಒಂದು, ಅದೇ ಹೋಗಿ ರಿಸೆಪ್ಟರಿಗೆ, ಅಂದರೆ ಜೀವಕೋಶದಲ್ಲಿ ಹಾರ್ಮೋನು ಬಂದು ಕೂರುವ ಜಾಗಕ್ಕೆ, ಅಂಟಿಕೊಳ್ಳುವುದು. ಸೋಯಾದ ಐಸೊಫ್ಲೇವೋನ್ ಈಸ್ಟ್ರೊಜೆನ್ ರಿಸೆಪ್ಟರಿಗೆ ಅಂಟುವುದು ಹೀಗೆ. ಇನ್ನೊಂದು, ಹಾರ್ಮೋನನ್ನು ಕಟ್ಟುವ ಅಥವಾ ಒಡೆಯುವ ಕಿಣ್ವವನ್ನು ತಡೆಯುವುದು. ಜ್ಯೇಷ್ಠಮಧು ಮಾಡುವುದು ಇದನ್ನೇ. ಮತ್ತೊಂದು, ನರದ ಮೂಲಕವೋ ಗ್ರಂಥಿಯ ಮೂಲಕವೋ ದೇಹದ ಸ್ವಂತ ಹಾರ್ಮೋನನ್ನು ಹೆಚ್ಚು ಬಿಡಿಸುವುದು.

ಇಲ್ಲಿ ಡಯೋಸ್ಜೆನಿನ್ ಎಂಬ ಸಸ್ಯದ ಅಂಶದ ಬಗ್ಗೆ ಹೇಳಲೇಬೇಕು, ಏಕೆಂದರೆ ಮುಕ್ಕಾಲು ಪಾಲು ತಪ್ಪು ತಿಳಿವಳಿಕೆ ಹುಟ್ಟಿರುವುದು ಅಲ್ಲಿಂದ. 1940ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ ಮೆಕ್ಸಿಕೊದ ಕಾಡುಗೆಣಸಿನಲ್ಲಿದ್ದ ಡಯೋಸ್ಜೆನಿನ್‌ನಿಂದ ಪ್ರೊಜೆಸ್ಟೆರಾನ್ ಹಾರ್ಮೋನು ತಯಾರಿಸಿದರು. ಮೆಂತ್ಯದಲ್ಲೂ ಡಯೋಸ್ಜೆನಿನ್ ಕೊಡುವ ಸಪೋನಿನ್‌ಗಳಿವೆ. ಹಾಗಾದರೆ ಮೆಂತ್ಯ ತಿಂದರೆ ಪ್ರೊಜೆಸ್ಟೆರಾನ್ ಆಗುತ್ತದೆಯೇ? ಆಗುವುದಿಲ್ಲ. ಮಾರ್ಕರ್ ಮಾಡಿದ್ದು ಕಾರ್ಖಾನೆಯ ರಸಾಯನಕ್ರಿಯೆ. ಆ ಹಂತಗಳನ್ನು ನಡೆಸುವ ಕಿಣ್ವ ಮನುಷ್ಯನ ದೇಹದಲ್ಲಿ ಇಲ್ಲ. ಸಾಲದ್ದಕ್ಕೆ ಡಯೋಸ್ಜೆನಿನ್ ಕರುಳಿನಿಂದ ರಕ್ತಕ್ಕೆ ಸೇರುವುದೂ ತೀರಾ ಕಡಿಮೆ.

ಅಡಿಸ್ ಒಲೆ:
ಇಥಿಯೋಪಿಯಾದಲ್ಲಿ ಮೆಂತ್ಯಕ್ಕೆ ಅಬಿಶ್ ಎನ್ನುತ್ತಾರೆ. ಅದನ್ನು ಎರಡು ರೀತಿಯಲ್ಲಿ ಬಳಸುತ್ತಾರೆ, ಎರಡರ ಪ್ರಮಾಣಕ್ಕೂ ಸಂಬಂಧವೇ ಇಲ್ಲ.

ಮಸಾಲೆಯಾಗಿ: ಬರ್ಬೆರೆಗೆ ಒಂದು ಕಿಲೊ ಒಣಮೆಣಸಿನಕಾಯಿ ಇದ್ದರೆ ಒಂದೆರಡು ದೊಡ್ಡ ಚಮಚ ಅಬಿಶ್. ನಿತಿರ್ ಕಿಬೆ ಎಂಬ ಮಸಾಲೆ ತುಪ್ಪಕ್ಕೆ ಒಂದು ಕಿಲೊ ಬೆಣ್ಣೆಗೆ ಒಂದು ಟೀ ಚಮಚ, ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಅರಿಸಿನ, ಕೊರೆರಿಮಾ (ಅಲ್ಲಿನ ದೊಡ್ಡ ಏಲಕ್ಕಿ), ಕೊಸೆರೆತ್ ಮತ್ತು ಬೆಸೊಬೆಲಾ ಎಲೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಾಯಿಸಿ, ನೊರೆ ನಿಂತು ತಳದ ಗಷ್ಟು ಹೊಂಬಣ್ಣಕ್ಕೆ ಬಂದಾಗ ಸೋಸಬೇಕು. ಉರಿ ಜಾಸ್ತಿಯಾದರೆ ಮೊದಲು ಸೀಯುವುದು ಅಬಿಶ್, ಆ ಕಹಿ ಮತ್ತೆ ಹೋಗುವುದಿಲ್ಲ. ನೀರಿನಂಶ ಉಳಿದರೆ ತುಪ್ಪ ಬೇಗ ಕೆಡುತ್ತದೆ. ಈ ಲೆಕ್ಕದಲ್ಲಿ ಒಬ್ಬರ ಊಟಕ್ಕೆ ಬರುವ ಮೆಂತ್ಯ ಅರ್ಧ ಗ್ರಾಮಿಗೂ ಬಹಳ ಕೆಳಗೆ.

ಪಾನೀಯವಾಗಿ: ಅಬಿಶ್ ಪುಡಿಯನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಮೇಲಿನ ಕಹಿ ನೀರು ಚೆಲ್ಲಿ, ತಳದಲ್ಲಿ ಉಳಿದ ಲೋಳೆಯನ್ನು ನೊರೆ ಬರುವವರೆಗೆ ಕಡೆದು, ಜೇನುತುಪ್ಪ ಸೇರಿಸಿ ಕುಡಿಯುತ್ತಾರೆ. ಇಲ್ಲಿ ಒಂದು ಲೋಟಕ್ಕೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 10 ಗ್ರಾಂ ಹೋಗುತ್ತದೆ. ಮೆಂತ್ಯದ ಪರಿಣಾಮದ ಮಾತು ಶುರುವಾಗಬೇಕಾದದ್ದು ಇಲ್ಲಿಂದ, ಬರ್ಬೆರೆಯಿಂದಲ್ಲ.

ಮೆಂತ್ಯದ ಹೊಲ:
ಅಡಿಸ್ ಒಲೆ ಅವರ ಲೆಕ್ಕಕ್ಕೆ ಮುಂದುವರಿಕೆ. ಮೆಂತ್ಯದ ಅತಿ ಗಟ್ಟಿಯಾದ ಪರಿಣಾಮ ಇನ್ಸುಲಿನ್ ಮತ್ತು ಸಕ್ಕರೆಯ ಮೇಲೆ. ಅದಕ್ಕೆ ಎರಡು ಕಾರಣ. ಗ್ಯಾಲಕ್ಟೊಮನ್ನನ್ ಎಂಬ ಲೋಳೆನಾರು ಕರುಳಿನಲ್ಲಿ ಸಕ್ಕರೆ ಹೀರುವ ವೇಗವನ್ನು ಇಳಿಸುತ್ತದೆ. 4-ಹೈಡ್ರಾಕ್ಸಿ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲ, ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವಂತೆ ಮಾಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 1990ರ ಅಧ್ಯಯನದಲ್ಲಿ ಟೈಪ್ 1 ಮಧುಮೇಹಿಗಳಿಗೆ ದಿನಕ್ಕೆ 100 ಗ್ರಾಂ, ಎಣ್ಣೆ ತೆಗೆದ ಮೆಂತ್ಯದ ಪುಡಿಯನ್ನು 10 ದಿನ ಎರಡು ಹೊತ್ತಿಗೆ ಹಂಚಿ ಕೊಟ್ಟಾಗ, ಮೂತ್ರದಲ್ಲಿ ಹೋಗುವ ಸಕ್ಕರೆ ನೂರಕ್ಕೆ 54ರಷ್ಟು ಇಳಿಯಿತು. 100 ಗ್ರಾಂ ಎಂದರೆ ಒಂದು ಇಡೀ ಬಟ್ಟಲು. ಆ ಫಲಿತಾಂಶವನ್ನು ಒಗ್ಗರಣೆಯ ಮೆಂತ್ಯಕ್ಕೆ ಅನ್ವಯಿಸಿ ಹೇಳುವುದು ಸರಿಯಲ್ಲ.

ತಯಾರಿಯ ವಿಚಾರ. 4-ಹೈಡ್ರಾಕ್ಸಿ ಐಸೊಲ್ಯೂಸಿನ್ ನೀರಿನಲ್ಲಿ ಕರಗುತ್ತದೆ. ನೆನೆಸಿದ ನೀರು ಚೆಲ್ಲಿದರೆ ಕಹಿಯ ಜೊತೆ ಅದರ ಒಂದು ಪಾಲೂ ಹೋಗುತ್ತದೆ, ಆದರೆ ನಾರಿನ ಹೆಚ್ಚಿನ ಭಾಗ ತಳದಲ್ಲೇ ಉಳಿಯುತ್ತದೆ. ಈಜಿಪ್ಟಿನ ಹೆಲ್ಬಾ ಪಾನೀಯದಲ್ಲಿ ಕಾಳನ್ನು ಕುದಿಸಿ, ಕೆಲವರು ನೀರು ಮಾತ್ರ ಕುಡಿದು ಕಾಳು ಬಿಡುತ್ತಾರೆ. ಅಲ್ಲಿ ಆಗುವುದು ಇದಕ್ಕೆ ಪೂರಾ ಉಲ್ಟಾ. ಒಂದೇ ಕಾಳು, ಎರಡು ದೇಶ, ಹೊಟ್ಟೆಗೆ ಸೇರುವ ಅಂಶ ಬೇರೆ.

ಹಸಿಶುಂಠಿ:
ಬಾಣಂತಿಯರ ಹಾಲಿನ ಬಗ್ಗೆ ಯಾರಾದರೂ ಬಿಡಿಸಿ ಬರೆಯಿರಿ. ಕರಾವಳಿಯ ಮೆಂತೆ ಗಂಜಿ, ಉತ್ತರ ಕರ್ನಾಟಕದ ಅಂಟಿನುಂಡೆ ಇವೆಲ್ಲವೂ ಅದೇ ನಂಬಿಕೆಯವು. ಆಫ್ರಿಕಾದಲ್ಲೂ ಹಾಗೆಯೇ ಇದೆಯೇ?

ಮೆಂತ್ಯದ ಹೊಲ:
ಉತ್ತರ ಆಫ್ರಿಕಾದ ಉದ್ದಗಲಕ್ಕೂ ಇದೆ ಮೇಡಂ. ಮೊರಾಕೊದಲ್ಲಿ ಹೆರಿಗೆಯಾದ ಮೂರನೆಯ ದಿನದ ಹೊತ್ತಿಗೆ ರ್ಫಿಸ್ಸಾ ಮಾಡುತ್ತಾರೆ: ಪದರ ರೊಟ್ಟಿಯ ಚೂರುಗಳ ಮೇಲೆ ಕೋಳಿ, ಚನ್ನಂಗಿ ಬೇಳೆ, ರಾತ್ರಿ ನೆನೆಸಿದ ಮೆಂತ್ಯ, ರಾಸ್ ಎಲ್ ಹಾನುತ್ ಮಸಾಲೆ. ಒಂದು ಕೋಳಿಗೆ ಎರಡು ದೊಡ್ಡ ಚಮಚ, ಅಂದರೆ ಇಪ್ಪತ್ತು ಗ್ರಾಮಿಗೆ ಸ್ವಲ್ಪ ಮೇಲೆ ಮೆಂತ್ಯ. ಆರು ಜನಕ್ಕೆ ಹಂಚಿದರೆ ತಲೆಗೆ ಮೂರೂವರೆ ಗ್ರಾಂ. ಬಾಣಂತಿಗೆ ಬಡಿಸುವುದು ಇದಕ್ಕಿಂತ ಹೆಚ್ಚು. ಹಾಲು ಹೆಚ್ಚಲೆಂದು ಮಾರುವ ಮೆಂತ್ಯದ ಮಾತ್ರೆಗಳ ದಿನದ ಪ್ರಮಾಣವೂ ಸಾಮಾನ್ಯವಾಗಿ 1ರಿಂದ 6 ಗ್ರಾಂ. ಅಂದರೆ ರ್ಫಿಸ್ಸಾ ಮಸಾಲೆಯ ಅಳತೆ ದಾಟಿ ಔಷಧದ ಅಳತೆಗೆ ಬಂದಿದೆ. ಸುಡಾನಿನಲ್ಲಿ ಬಾಣಂತಿಗೆ ಕೊಡುವ ಮೆಂತ್ಯದ ಮದೀದಾ ಗಂಜಿಯೂ ಇದೇ ಸಾಲಿನದು.

ಹಾಲು ನಿಜಕ್ಕೂ ಹೆಚ್ಚುತ್ತದೆಯೇ ಎಂದರೆ, ಪ್ರಯೋಗಗಳ ಫಲಿತಾಂಶ ಒಂದೇ ಕಡೆ ನಿಲ್ಲುವುದಿಲ್ಲ. ಕೆಲವು ಹೆಚ್ಚಿತು ಎನ್ನುತ್ತವೆ, ಕೆಲವು ವ್ಯತ್ಯಾಸ ಕಾಣಲಿಲ್ಲ ಎನ್ನುತ್ತವೆ, ಬಹುಪಾಲು ಅಧ್ಯಯನಗಳು ಚಿಕ್ಕವು. ಹಾಲು ತರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಏರಿಸುವ ಖಚಿತ ದಾರಿ ಮಗುವಿಗೆ ಮತ್ತೆ ಮತ್ತೆ ಎದೆ ಕೊಟ್ಟು ಖಾಲಿ ಮಾಡಿಸುವುದು. ರ್ಫಿಸ್ಸಾ ಆಗಲಿ ಮೆಂತೆ ಗಂಜಿಯಾಗಲಿ ಅದರ ಜಾಗ ತುಂಬುವುದಿಲ್ಲ. ಆದರೆ ಬಿಸಿಯಾದ, ಕಾಳು ಮತ್ತು ಕೋಳಿಯ ಸತ್ವ ಇರುವ ಊಟ ಬಾಣಂತಿಗೆ ದಕ್ಕುತ್ತದೆ. ಅದನ್ನು ನಾನು ಬಹಳ ದೊಡ್ಡ ಲಾಭ ಎಂದೇ ಎಣಿಸುತ್ತೇನೆ.

ಇನ್ನೊಂದು ಮುಖ್ಯ ಎಚ್ಚರಿಕೆ. ಮೆಂತ್ಯದ ಸೊಟೊಲೋನ್ ಎಂಬ ಸುವಾಸನೆಯ ಅಂಶ ಬೆವರು, ಮೂತ್ರದಲ್ಲಿ ಮೇಪಲ್ ಪಾಕದಂಥ ಸಿಹಿ ವಾಸನೆ ತರುತ್ತದೆ. ಹೆರಿಗೆಗೆ ಮುಂಚೆ ತಾಯಿ ತುಂಬ ಮೆಂತ್ಯ ತಿಂದಿದ್ದರೆ ಹಸುಗೂಸಿನಲ್ಲೂ ಆ ವಾಸನೆ ಬಂದು, ಮೇಪಲ್ ಸಿರಪ್ ಮೂತ್ರರೋಗವಿರಬಹುದೆಂಬ ಅನುಮಾನ ಹುಟ್ಟಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ರಕ್ತದ ಅಮೈನೋ ಆಮ್ಲ ಪರೀಕ್ಷೆ ಅದನ್ನು ತೀರ್ಮಾನಿಸುತ್ತದೆ. ತಾಯಿ ಮೆಂತ್ಯ ತಿಂದದ್ದನ್ನು ವೈದ್ಯರಿಗೆ ಮೊದಲೇ ಹೇಳಿಬಿಡಬೇಕು, ಆದರೆ "ಮೆಂತ್ಯದಿಂದಲೇ ಇರಬೇಕು" ಎಂದು ಪರೀಕ್ಷೆ ತಪ್ಪಿಸಬಾರದು. ಕಡಲೆಕಾಯಿ ಅಲರ್ಜಿ ಇರುವವರಲ್ಲಿ ಕೆಲವರಿಗೆ ಮೆಂತ್ಯವೂ ಆಗುವುದಿಲ್ಲ, ಎರಡೂ ಒಂದೇ ಸಸ್ಯಕುಟುಂಬದವು.

ಎನುಗು ಸಂತೆ:
ಈಗ ಪಶ್ಚಿಮ ಆಫ್ರಿಕಾಕ್ಕೆ ಬರೋಣ. ನೈಜೀರಿಯಾದ ಇಗ್ಬೊ ಜನರಲ್ಲಿ ಹೆರಿಗೆಯ ನಂತರ ಬಾಣಂತಿಯ ತಾಯಿ ಬಂದು ಆರೈಕೆ ಮಾಡುವುದಕ್ಕೆ ಒಮುಗ್ವೊ ಎನ್ನುತ್ತಾರೆ. ಆಗ ಕೊಡುವ ಯಾಮ್ ಗೆಣಸಿನ ಖಾರದ ಸಾರಿನಲ್ಲಿ ಉಡಾ ಮತ್ತು ಉಜಿಜಾ ಇದ್ದೇ ಇರುತ್ತವೆ. ಉಡಾ ಎಂದರೆ ಕ್ಸೈಲೋಪಿಯಾ ಇಥಿಯೋಪಿಕಾ ಮರದ ಒಣ ಕಾಯಿ, ಘಾನಾದಲ್ಲಿ ಹ್ವೆಂತಿಯಾ. ಉಜಿಜಾ ನಮ್ಮ ಕರಿಮೆಣಸಿನ ಹತ್ತಿರದ ನೆಂಟ, ಪೈಪರ್ ಗಿನೀನ್ಸ್. ಗರ್ಭಕೋಶ ಕುಗ್ಗಲಿ, ಉಳಿದ ರಕ್ತ ಹೊರಗೆ ಹೋಗಲಿ ಎಂಬ ಉದ್ದೇಶದಿಂದ ಉಡಾ ಹಾಕುತ್ತಾರೆ. ಅದೇ ಕಾರಣಕ್ಕೆ ಗರ್ಭಿಣಿಗೆ ಅದನ್ನು ಹಿರಿಯರು ಬೇಡ ಎನ್ನುತ್ತಾರೆ.

ನಾಲ್ಕೈದು ಜನರ ಸೂಪಿಗೆ ಅಳತೆ: ಜಾಯಿಕಾಯಿಯಂಥ ಪರಿಮಳದ ಎಹುರು ಬೀಜ 4-5, ಉಡಾ ಕಾಯಿ 3, ಉಜಿಜಾ ಕಾಳು ಒಂದು ಟೀ ಚಮಚ, ಅಲಿಗೇಟರ್ ಪೆಪ್ಪರ್ ಕಾಳು ಚಿಟಿಕೆ, ಕೊನೆಗೆ ಉತಾಜಿ ಎಂಬ ಕಹಿ ಎಲೆಯ ಒಂದೆರಡು ಚೂರು. ಎಹುರುವನ್ನು ಸಿಪ್ಪೆಸಮೇತ ಬಾಣಲೆಯಲ್ಲಿ ಹುರಿದರೆ ಸಿಪ್ಪೆ ಸಡಿಲವಾಗುತ್ತದೆ, ಬಿಡಿಸಿ ತಿರುಳು ಕುಟ್ಟಬೇಕು. ಹುರಿಯದೆ ಕುಟ್ಟಿದರೆ ಸಿಪ್ಪೆ ಸೂಪಿನಲ್ಲಿ ಮರಳಿನಂತೆ ಹಲ್ಲಿಗೆ ಸಿಗುತ್ತದೆ. ಉಡಾದ ಪರಿಮಳವಿರುವುದು ಸಿಪ್ಪೆಯಲ್ಲಿ, ಬೀಜ ಕಹಿ. ಕಾಯಿ ಜಜ್ಜಿ ಬೀಜ ತೆಗೆದು ಹಾಕುವವರೇ ಹೆಚ್ಚು. ಇಡೀ ಕಾಯಿ ಹಾಕಿದರೆ ಬಡಿಸುವ ಮುನ್ನ ತೆಗೆಯಬೇಕು. ಉಜಿಜಾ ಅಳತೆ ಮೀರಿದರೆ ಖಾರಕ್ಕಿಂತ ಕಹಿ ಮುಂದೆ ಬರುತ್ತದೆ. ಎಹುರುವಿನಲ್ಲಿ ಎಣ್ಣೆಯಂಶ ಜಾಸ್ತಿ, ಪುಡಿ ಮಾಡಿಟ್ಟರೆ ಬೇಗ ಕಮಟುತ್ತದೆ. ಹಾಗಾಗಿ ಬೀಜವಾಗಿಯೇ ಇಟ್ಟುಕೊಂಡು ಬೇಕಾದಾಗ ಪುಡಿ ಮಾಡುವುದು ಸರಿ.

ರಿಸೆಪ್ಟರ್:
ಎನುಗು ಸಂತೆ ಅವರು "ಮೂರು ಕಾಯಿ" ಎಂದದ್ದನ್ನು ಹಿಡಿದುಕೊಳ್ಳಿ. ಘಾನಾದಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉಡಾದ ಮದ್ಯಸಾರದ ಸತ್ವವನ್ನೂ ಅದರ ಕ್ಸೈಲೋಪಿಕ್ ಆಮ್ಲವನ್ನೂ ಗಂಡಿಲಿಗಳಿಗೆ ಕೊಟ್ಟಾಗ ವೀರ್ಯಾಣು ಕಡಿಮೆಯಾಯಿತು. ಅದೇ ಉಡಾವನ್ನು "ಗಂಡಸರ ಶಕ್ತಿಗೆ" ಎಂದು ಮಾರುವುದೂ ನಡೆದಿದೆ.

ಇಲಿಯ ಅಂಕಿಯನ್ನು ಮನುಷ್ಯನಿಗೆ ತರುವ ವಿಧಾನ ಗೊತ್ತಿದ್ದರೆ ಇಂಥ ಸುದ್ದಿಗಳನ್ನು ನೀವೇ ತೂಗಬಹುದು. ಇಲಿಯ ಪ್ರಮಾಣವನ್ನು, ಅಂದರೆ ಪ್ರತಿ ಕಿಲೊ ತೂಕಕ್ಕೆ ಎಷ್ಟು ಮಿಲಿಗ್ರಾಂ ಎಂಬುದನ್ನು, 6.2ರಿಂದ ಭಾಗಿಸಿ. ಉದಾಹರಣೆಗೆ ಯಾವುದೋ ಸತ್ವ ಇಲಿಗೆ ಕಿಲೊಗೆ 200 ಮಿಲಿಗ್ರಾಂ ಕೊಟ್ಟಿದ್ದಾರೆ ಎನ್ನಿ. ಮನುಷ್ಯನಿಗೆ ಅದು ಕಿಲೊಗೆ 32, 60 ಕಿಲೊ ತೂಕದವರಿಗೆ 1.9 ಗ್ರಾಂ ಸತ್ವ. ನೂರು ಗ್ರಾಂ ಒಣ ಕಾಯಿಯಿಂದ ಹತ್ತು ಗ್ರಾಂ ಸತ್ವ ಬರುತ್ತದೆ ಎಂದಿಟ್ಟುಕೊಂಡರೆ, 19 ಗ್ರಾಂ ಒಣ ಕಾಯಿಯನ್ನು ಒಬ್ಬರೇ ದಿನವೂ ತಿನ್ನಬೇಕು. ನಾಲ್ಕೈದು ಜನಕ್ಕೆ ಮೂರು ಕಾಯಿ ಹಾಕುವ ಸೂಪು ಅದರ ಹತ್ತಿರವೂ ಸುಳಿಯುವುದಿಲ್ಲ. ಮೇಲಾಗಿ ಮದ್ಯಸಾರ ಎಳೆದು ತರುವ ಅಂಶಗಳನ್ನೆಲ್ಲ ಕುದಿಯುವ ನೀರು ಎಳೆಯುವುದಿಲ್ಲ. ಆದರೆ ಉಡಾ ಪುಡಿಯನ್ನು ಚಮಚಗಟ್ಟಲೆ ಜೇನಿನಲ್ಲಿ ಕಲಸಿ ತಿನ್ನುವವರಿಗೆ, ಮದ್ಯದಲ್ಲಿ ನೆನೆಸಿ ಕುಡಿಯುವವರಿಗೆ ಈ ಸಮಾಧಾನ ಅನ್ವಯಿಸುವುದಿಲ್ಲ. ಮಗು ಬೇಕೆನ್ನುವ ಗಂಡಸರು ಅದನ್ನು ಬಿಡುವುದೇ ಕ್ಷೇಮ.

ಎನುಗು ಸಂತೆ:
ಅಲಿಗೇಟರ್ ಪೆಪ್ಪರ್, ಗ್ರೇನ್ಸ್ ಆಫ್ ಪ್ಯಾರಡೈಸ್ ಎಂದು ಕರೆಯುವ ಅಫ್ರಮೋಮಮ್ ಮೆಲೆಗ್ವೆಟಾ ಬಗ್ಗೆ? ಯೊರುಬಾದಲ್ಲಿ ಅತಾರೆ. ಅದು ಕೊಬ್ಬು ಕರಗಿಸುತ್ತದೆ ಎಂದು ಮಾತ್ರೆ ಮಾರುತ್ತಾರೆ.

ರಿಸೆಪ್ಟರ್:
ಅದು ನಾನು ಹೇಳಿದ ನರದ ದಾರಿ. ಈ ಕಾಳಿನ 6-ಪ್ಯಾರಡಾಲ್, ಶುಂಠಿಯಲ್ಲೂ ಇರುವ ಜಿಂಜರಾಲ್, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮೂರೂ ಖಾರ ಗ್ರಹಿಸುವ ಒಂದೇ ನರದ ಬಾಗಿಲನ್ನು ತಟ್ಟುತ್ತವೆ. ನರ ನಾರ್‌ಅಡ್ರಿನಲಿನ್ ಬಿಡುತ್ತದೆ, ದೇಹಕ್ಕೆ ಶಾಖ ಕೊಡಲೆಂದೇ ಇರುವ ಕಂದುಕೊಬ್ಬು ಉರಿದು ಶಾಖ ಹುಟ್ಟಿಸುತ್ತದೆ. ಜಪಾನಿನಲ್ಲಿ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 19 ಆರೋಗ್ಯವಂತ ಯುವಕರಿಗೆ ಒಂದು ಸಲ 40 ಮಿಲಿಗ್ರಾಂ ಸತ್ವ ಕೊಟ್ಟಾಗ, ಕಂದುಕೊಬ್ಬು ಚುರುಕಾಗಿದ್ದವರಲ್ಲಿ ಶಕ್ತಿವ್ಯಯ ಏರಿತು, ಉಳಿದವರಲ್ಲಿ ಏರಲಿಲ್ಲ. ಪರಿಣಾಮ ನಿಜ, ಆದರೆ ಅದು ಕೆಲವು ಗಂಟೆಗಳದ್ದು. ತೂಕ ಇಳಿಸುವ ಭರವಸೆಯನ್ನು ಅದರ ಮೇಲೆ ಕಟ್ಟಲಾಗದು.

ಮಾತ್ರೆ ಚೀಟಿ:
ಉಜಿಜಾದ ಬಗ್ಗೆ ಎಲ್ಲರೂ ದಾಟಿಕೊಂಡು ಹೋಗುತ್ತಿದ್ದೀರಿ. ನನ್ನ ಪ್ರಕಾರ ಈ ಚರ್ಚೆಯಲ್ಲಿ ಅಡುಗೆಯ ಅಳತೆಯಲ್ಲೇ ಪರಿಣಾಮ ತೋರಬಲ್ಲ ವಸ್ತು ಅದೇ, ಏಕೆಂದರೆ ಅದರಲ್ಲಿ ಕರಿಮೆಣಸಿನ ಖಾರದ ಅಂಶವಾದ ಪೈಪರಿನ್ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಕೆಲಸ ಪ್ರಪಂಚದಾದ್ಯಂತ ಉಲ್ಲೇಖವಾಗುತ್ತದೆ: ಅರಿಸಿನದ ಅಂಶವಾದ ಕರ್ಕ್ಯುಮಿನ್ 2 ಗ್ರಾಂ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರ ರಕ್ತಕ್ಕೆ ಸಿಗುವ ಕರ್ಕ್ಯುಮಿನ್ ನೂರಕ್ಕೆ 2000ದಷ್ಟು ಹೆಚ್ಚಿತು. ಪೈಪರಿನ್ ತಾನಾಗಿ ಹಾರ್ಮೋನಿನಂತೆ ವರ್ತಿಸಿ ಹೀಗಾಗುವುದಲ್ಲ. ಕರುಳು ಮತ್ತು ಲಿವರಿನಲ್ಲಿ ಹೊರಗಿನ ವಸ್ತುಗಳನ್ನು ಒಡೆದು ಹೊರಹಾಕುವ ಕಿಣ್ವಗಳನ್ನು ಅದು ತಡೆಯುತ್ತದೆ. ಸ್ಟೀರಾಯ್ಡ್ ಹಾರ್ಮೋನುಗಳನ್ನೂ ಹಲವು ಔಷಧಿಗಳನ್ನೂ ಒಡೆಯುವುದು ಅದೇ ಕಿಣ್ವಗಳ ಗುಂಪು.

ಲೆಕ್ಕ ನೋಡಿ. ಕರಿಮೆಣಸಿನಲ್ಲಿ ಪೈಪರಿನ್ ನೂರಕ್ಕೆ 5ರಿಂದ 9. ಅಂದರೆ 20 ಮಿಲಿಗ್ರಾಂ ಸಿಗಲು ಅರ್ಧ ಗ್ರಾಮಿಗಿಂತ ಕಡಿಮೆ ಮೆಣಸು ಸಾಕು. ಉಜಿಜಾದ ಪೈಪರಿನ್ ಬೆಳೆದ ಊರಿಗೆ ತಕ್ಕಂತೆ ಬದಲಾಗುತ್ತದೆ, ಆದರೂ ದಿನವೂ ಖಾರದ ಸೂಪು ಕುಡಿಯುವವರು ಈ ಅಳತೆಯ ಹತ್ತಿರ ಬರಬಹುದು. ಅಪಸ್ಮಾರದ ಫೆನಿಟೋಯಿನ್, ಉಬ್ಬಸದ ಥಿಯೋಫಿಲಿನ್, ಬಿಪಿಯ ಪ್ರೊಪ್ರಾನೊಲಾಲ್ ಇವು ಪೈಪರಿನ್ ಜೊತೆ ರಕ್ತದಲ್ಲಿ ಏರಿದ್ದನ್ನು ಮನುಷ್ಯರಲ್ಲೇ ಅಳೆದಿದ್ದಾರೆ. ಇಂಥ ಮಾತ್ರೆ ತೆಗೆದುಕೊಳ್ಳುವವರು ಮೆಣಸು ಪೂರ್ತಿ ಬಿಡಬೇಕಿಲ್ಲ. ಒಂದೇ ಸಮ ತಿನ್ನಬೇಕು, ಒಮ್ಮೆಲೇ ಏರಿಸಬಾರದು, ಪೈಪರಿನ್ ಸೇರಿಸಿದ ಅರಿಸಿನದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು.

ನೈಲ್ ದಂಡೆ:
ಹಾರ್ಮೋನಿನಂಥ ಪರಿಣಾಮಕ್ಕೆ ಅನುಮಾನವೇ ಇಲ್ಲದ ಉದಾಹರಣೆ ಈಜಿಪ್ಟಿನಲ್ಲಿದೆ: ಎರ್ಕ್ ಸೂಸ್, ರಂಜಾನಿನಲ್ಲಿ ಬೀದಿಬೀದಿಯಲ್ಲಿ ಮಾರುವ ಜ್ಯೇಷ್ಠಮಧು ಪಾನಕ. ಬೇರಿನ ಪುಡಿಗೆ ಸ್ವಲ್ಪವೇ ನೀರು, ಚಿಟಿಕೆ ಅಡುಗೆ ಸೋಡಾ ಸೇರಿಸಿ ಬಣ್ಣ ಕಪ್ಪಾಗುವವರೆಗೆ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಮೇಲಿನಿಂದ ತಣ್ಣೀರು ಇಳಿಸುತ್ತಾರೆ. ಅದರ ಗ್ಲಿಸಿರೈಜಿನ್, ಮೂತ್ರಪಿಂಡದಲ್ಲಿ ಕಾರ್ಟಿಸಾಲನ್ನು ಕಾರ್ಟಿಸೋನ್ ಮಾಡುವ ಕಿಣ್ವವನ್ನು ತಡೆಯುತ್ತದೆ. ಹಾಗೆ ಉಳಿದ ಕಾರ್ಟಿಸಾಲ್ ಹೋಗಿ, ಉಪ್ಪು ಹಿಡಿದಿಡುವ ಹಾರ್ಮೋನಾದ ಆಲ್ಡೊಸ್ಟೆರಾನಿನ ರಿಸೆಪ್ಟರನ್ನು ಒತ್ತುತ್ತದೆ: ಉಪ್ಪು ಮತ್ತು ನೀರು ದೇಹದಲ್ಲಿ ನಿಲ್ಲುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಬಿಪಿ ಏರುತ್ತದೆ.

ಯುರೋಪಿನ ಆಹಾರ ವಿಜ್ಞಾನ ಸಮಿತಿ ಹೇಳಿದ ಮಿತಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್. ಒಣ ಬೇರಿನಲ್ಲಿ ನೂರಕ್ಕೆ 4 ಇದ್ದು, 10 ಗ್ರಾಂ ಬೇರಿನಿಂದ ಅದರ ಅರ್ಧ ನೀರಿಗಿಳಿದರೂ 200 ಮಿಲಿಗ್ರಾಂ ಆಯಿತು. ಬಿಪಿ ಇರುವವರು, ನೀರಿಳಿಸುವ ಮಾತ್ರೆ ಅಥವಾ ಡಿಗಾಕ್ಸಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ಇದನ್ನು ದಿನವೂ ಕುಡಿಯಲೇಬಾರದು. ಸ್ನಾಯು ಸೋಲುವುದು, ಕಾಲು ಬಾವು, ಎದೆ ಹೊಡೆದುಕೊಳ್ಳುವುದು ಕಂಡರೆ ಅಂದೇ ನಿಲ್ಲಿಸಿ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕು. ನಿಲ್ಲಿಸಿದ ಮೇಲೂ ಪರಿಣಾಮ ಒಂದೆರಡು ವಾರ ಇರಬಹುದು. ನಮ್ಮಲ್ಲಿ ಕೆಮ್ಮಿಗೆ ತಿಂಗಳುಗಟ್ಟಲೆ ಜ್ಯೇಷ್ಠಮಧು ಜಗಿಯುವವರಿಗೂ ಇದು ಪೂರಾ ಅನ್ವಯ.

ಕಾಳುಕಡಿ:
ಬಹಳ ಉಪಕಾರವಾಯಿತು. ಈಸ್ಟ್ರೊಜೆನ್ ವಿಚಾರ ಉಳಿಯಿತು. ಪಶ್ಚಿಮ ಆಫ್ರಿಕಾದ ದವದವಾ ಎಂಬ ಹುದುಗಿಸಿದ ಮಸಾಲೆಯಲ್ಲಿ ಆ ಗುಣ ಇದೆಯೇ?

ಎನುಗು ಸಂತೆ:
ಮೂಲ ದವದವಾ ಪಾರ್ಕಿಯಾ ಬೈಗ್ಲೊಬೋಸಾ ಮರದ ಬೀಜದ್ದು. ಯೊರುಬಾದಲ್ಲಿ ಇರು, ಬುರ್ಕಿನಾ ಕಡೆ ಸುಂಬಾಲಾ. ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ, ಹನ್ನೆರಡು ಗಂಟೆಗೂ ಹೆಚ್ಚು ಬೇಯಿಸಿ, ಕುಟ್ಟಿ, ತೊಳೆದು, ಮತ್ತೆ ಬೇಯಿಸಿ, ಸೋರೆಬುರುಡೆಯಲ್ಲಿ ಎಲೆ ಮುಚ್ಚಿ ಎರಡು ಮೂರು ದಿನ ಬೆಚ್ಚಗೆ ಇಡುತ್ತಾರೆ. ಬ್ಯಾಸಿಲಸ್ ಸಬ್ಟಿಲಿಸ್ ಬೆಳೆದು ಎಳೆಯೆಳೆಯಾದ ಲೋಳೆ, ಘಾಟು ಬರುತ್ತದೆ. ಸೌದೆಯೂ ಸಮಯವೂ ಉಳಿಯುತ್ತದೆ ಎಂದು ಈಗ ಉತ್ತರ ನೈಜೀರಿಯಾದಲ್ಲಿ ಸೋಯಾದಿಂದಲೂ ಮಾಡುತ್ತಾರೆ. ಕೊಳ್ಳುವಾಗ ಕೇಳಿಯೇ ಕೊಳ್ಳಬೇಕು.

ರಿಸೆಪ್ಟರ್:
ಸೋಯಾದ್ದಾದರೆ ಮಾತ್ರ ಈಸ್ಟ್ರೊಜೆನ್ ಪ್ರಶ್ನೆ ಏಳುತ್ತದೆ. ಹುದುಗುವಾಗ ಐಸೊಫ್ಲೇವೋನಿಗೆ ಅಂಟಿದ ಸಕ್ಕರೆ ಕಳಚಿ, ನೇರವಾಗಿ ಹೀರಿಕೊಳ್ಳಬಲ್ಲ ಜೆನಿಸ್ಟೀನ್, ಡೈಡ್ಜೀನ್ ಆಗುತ್ತದೆ. ಆದರೂ ಒಬ್ಬರ ಪಾಲಿಗೆ 3-5 ಗ್ರಾಂ ದವದವಾ ಬಂದರೆ ಸಿಗುವುದು ಕೆಲವೇ ಮಿಲಿಗ್ರಾಂ. ಒಂದು ಲೋಟ ಸೋಯಾ ಹಾಲಿನಲ್ಲಿ ಅದರ ಹಲವು ಪಟ್ಟು ಇರುತ್ತದೆ.

ಪಶ್ಚಿಮ ಆಫ್ರಿಕಾದ ಜೊಲ್ಲೊಫ್ ಅನ್ನಕ್ಕೆ ಬೀಳುವ ಥೈಮ್ ಮತ್ತು ಕರಿ ಪುಡಿಯ ಅರಿಸಿನದ ಬಗ್ಗೆಯೂ ಇದೇ ಮಾತು. 1998ರಲ್ಲಿ 150ಕ್ಕೂ ಹೆಚ್ಚು ಮೂಲಿಕೆಗಳನ್ನು ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿದಾಗ, ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರಾನ್ ರಿಸೆಪ್ಟರುಗಳಿಗೆ ಚೆನ್ನಾಗಿ ಅಂಟಿದವುಗಳಲ್ಲಿ ಥೈಮ್, ಅರಿಸಿನ ಎರಡೂ ಇದ್ದವು. ಪ್ರೊಜೆಸ್ಟೆರಾನ್ ರಿಸೆಪ್ಟರಿಗೆ ಅಂಟಿದವು ಬಹುತೇಕ ಸುಮ್ಮನೆ ಕೂತವು ಅಥವಾ ಅಡ್ಡಿಪಡಿಸಿದವು. ಅಂಟಿಕೊಂಡಿತು ಎಂದಮಾತ್ರಕ್ಕೆ ಕೆಲಸ ಮಾಡಿತು ಎಂದಲ್ಲ. ಗಾಜಿನ ತಟ್ಟೆಯಲ್ಲಿ ಕಂಡದ್ದು ಅರ್ಧ ಚಮಚ ಥೈಮ್‌ನಿಂದ ರಕ್ತದಲ್ಲಿ ಕಾಣಬೇಕೆಂದೂ ಇಲ್ಲ.

ಹಸಿಶುಂಠಿ:
ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅಬಿಶ್ ಪಾನೀಯ ಕುಡಿಯಬಹುದೇ?

ಮಾತ್ರೆ ಚೀಟಿ:
ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಮಾತ್ರ. ಮೆಂತ್ಯದ ಲೋಳೆನಾರು ಅದನ್ನು ಹಿಡಿದುಕೊಳ್ಳಬಹುದು, ಆದ್ದರಿಂದ ಪಾನೀಯವನ್ನು ಕನಿಷ್ಠ ನಾಲ್ಕು ಗಂಟೆ ಬಿಟ್ಟು, ಮಧ್ಯಾಹ್ನವೋ ಸಂಜೆಯೋ ಕುಡಿಯಲಿ. ಭಾರತದಲ್ಲಿ 1999ರಲ್ಲಿ ಮೆಂತ್ಯದ ಸತ್ವ ಕೊಟ್ಟ ಇಲಿಗಳಲ್ಲಿ ಥೈರಾಯ್ಡ್ ಹಾರ್ಮೋನುಗಳ ಪೈಕಿ ಟಿ3 ಇಳಿದು ಟಿ4 ಏರಿದ್ದು ಕಂಡಿದೆ. ಅದು ಇಲಿಯ ಮಾತಾದರೂ, ದಿನವೂ ಹತ್ತು ಗ್ರಾಂ ಶುರುಮಾಡುವವರು ಆರೆಂಟು ವಾರಕ್ಕೆ ಟಿಎಸ್‌ಎಚ್ ನೋಡಿಸುವುದು ಒಳ್ಳೆಯದು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಸಕ್ಕರೆ ತೀರಾ ಇಳಿಯದಂತೆ ಮೊದಲ ವಾರ ಹೆಚ್ಚು ಸಲ ಅಳೆಯಬೇಕು. ವಾರ್ಫರಿನ್ ತೆಗೆದುಕೊಳ್ಳುವವರು ಈ ಪ್ರಮಾಣದ ಮೆಂತ್ಯ ಶುರುಮಾಡುವ ಮುಂಚೆಯೇ ವೈದ್ಯರಿಗೆ ಹೇಳಬೇಕು.

ಅಡಿಸ್ ಒಲೆ:
ಗರ್ಭಿಣಿಯರಿಗೆ ಇನ್ನೊಂದು: ಇಥಿಯೋಪಿಯಾದಲ್ಲಿ ಕಾಫಿಗೆ ತೇನಾ ಆದಾಮ್ ಎಂಬ ಸೊಪ್ಪಿನ ಕಡ್ಡಿ ಅದ್ದುತ್ತಾರೆ. ಅದು ನಮ್ಮ ನಾಗದಾಳಿ ಸೊಪ್ಪಿನ ಜಾತಿ. ಗರ್ಭಕೋಶವನ್ನು ಕೆರಳಿಸುವ ಗುಣ ಅದಕ್ಕಿರುವುದರಿಂದ ಆ ಒಂಬತ್ತು ತಿಂಗಳು ಕಡ್ಡಿಯಿಲ್ಲದ ಕಾಫಿ ಕೇಳಿ ಪಡೆಯಿರಿ. ಉಡಾ ಪುಡಿಯೂ ಆಗ ಬೇಡ.

ಕಾಳುಕಡಿ:
ಕೊನೆಯ ಪ್ರಶ್ನೆ. ಎಹುರು, ಉಡಾ ಇಲ್ಲಿ ಸಿಗುವುದಿಲ್ಲ. ಬದಲಿಗೆ ಏನು ಹಾಕಬಹುದು?

ಎನುಗು ಸಂತೆ:
ಎಹುರುಗೆ ಜಾಯಿಕಾಯಿ, ನಾಲ್ಕೈದು ಜನರ ಸೂಪಿಗೆ ತುರಿದದ್ದು ಕಾಲು ಟೀ ಚಮಚ, ಇಳಿಸುವ ಮುನ್ನ. ಎರಡೂ ಬೇರೆ ಕುಟುಂಬದ ಮರಗಳು, ಹೋಲಿಕೆ ಪರಿಮಳದಲ್ಲಿ ಮಾತ್ರ. ಜಾಯಿಕಾಯಿ ಐದು ಗ್ರಾಂ ದಾಟಿದರೆ ಎದೆಬಡಿತ, ಭ್ರಮೆ ತರಬಲ್ಲದು, ಆದ್ದರಿಂದ ಎಹುರುವಿನ ಅಳತೆಯಲ್ಲಿ ನಾಲ್ಕು ಕಾಯಿ ಹಾಕಲೇಬೇಡಿ. ಉಡಾಕ್ಕೆ ಒಂದು ಕರಿ ಏಲಕ್ಕಿ ಜಜ್ಜಿ ಹಾಕಿ, ಹೊಗೆಯ ವಾಸನೆ ಬರುತ್ತದೆ. ಉಜಿಜಾಕ್ಕೆ ಕರಿಮೆಣಸು ಅರ್ಧ ಟೀ ಚಮಚ ಸಾಕು. ಮಾತ್ರೆ ಚೀಟಿ ಅವರು ಹೇಳಿದ ಔಷಧಿಗಳಲ್ಲಿ ಯಾವುದಾದರೂ ಮನೆಯವರು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಅರ್ಧ ಮಾಡಿ, ಖಾರಕ್ಕೆ ಹಸಿಮೆಣಸಿನಕಾಯಿ ಸೇರಿಸಿಕೊಳ್ಳಿ.